ಬೋರ್ಡಿನ ಜಗಲಿಯ ಮೇಲೆ ದೊಡ್ಡಪ್ಪ

ಮೊನ್ನೆ ಕೊರಿಯರ್‌ನಲ್ಲಿ ಒಂದು ಲಗ್ನಪತ್ರಿಕೆ ಬಂತು. ತಮ್ಮನ ಮೊಮ್ಮಗಳ ಮದುವೆ. ಅಂಚಿಗೆ ಅರಿಸಿನವೇನೋ ಹಚ್ಚಿದ್ದರು, ಆದರೆ ಮನೆಗೆ ಬಂದು ಕುಂಕುಮ ಕೊಟ್ಟು ಕರೆದವರಿಲ್ಲ. ಹೋಗುವುದೇ ಇಲ್ಲ ಎಂದು ಮುಖ ಊದಿಸಿಕೊಂಡು ಕೂತೆ. ಈ ಬಿಗುಮಾನ ನನಗೆ ಎಲ್ಲಿಂದ ಬಂತೆಂದು ನಿಮಗೆ ಹೇಳಿಬಿಡಬೇಕು.

ನಂಗಲಿಯಲ್ಲಿ ನನ್ನ ದೊಡ್ಡಪ್ಪ ಇದ್ದರು. ಕರೆಯದೆ ಯಾರ ಹೊಸ್ತಿಲನ್ನೂ ದಾಟಿದವರಲ್ಲ. ಸ್ವಂತ ತಂಗಿಯ ಮನೆಗೆ ಹೋದರೂ ಜಗಲಿಯ ಮೇಲೆ ಕೂತು ಕೆಮ್ಮುವರು. ಅವಳು ‘ಬಾರಣ್ಣ’ ಎಂದ ಮೇಲೆಯೇ ಒಳಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಊರವರು ಇವರನ್ನು ಗೆಲ್ಲಿಸಿ ಕೋಲಾರದ ಜಿಲ್ಲಾ ಬೋರ್ಡಿಗೆ ಕಳಿಸಿದರು. ನಮ್ಮ ಹೆಂಗಸರು ಆಗ ಮೈಲಿ ದೂರದ ಕುಂಟೆಯಿಂದ ನೀರು ಹೊರುತ್ತಿದ್ದರು. ಒಂದು ಸೇದುವ ಬಾವಿ ಮಂಜೂರು ಮಾಡಿಸಿಕೊಂಡು ಬರಲಿ ಎಂಬುದಷ್ಟೇ ಊರಿನ ಆಸೆ.

ಎರಡು ಸಭೆ ಕಳೆದ ಮೇಲೆ ಬೋರ್ಡಿನಿಂದ ಕಾಗದ ಬಂತು. ಎರಡಕ್ಕೂ ಗೈರುಹಾಜರಾಗಿದ್ದೀರಿ, ಮೂರನೆಯದಕ್ಕೂ ಬಾರದಿದ್ದರೆ ಸದಸ್ಯತ್ವ ರದ್ದು ಎಂದಿತ್ತು. ದೊಡ್ಡಮ್ಮ ದಂಗಾದರು. ಎರಡು ಸಲವೂ ಅವರೇ ಬುತ್ತಿ ಕಟ್ಟಿ ಕಳಿಸಿದ್ದರು.

“ಹೋಗಿದ್ದೆ ಕಣೇ,” ಎಂದರು ದೊಡ್ಡಪ್ಪ. “ಸಾಯಂಕಾಲದ್ವರೆಗೂ ಬೋರ್ಡಿನ ಜಗಲಿ ಮೇಲೇ ಕೂತಿದ್ದೆ. ಯಾರೂ ಒಳಕ್ಕೆ ಬನ್ನಿ ಅನ್ನಲಿಲ್ಲ.”

“ನೋಟೀಸು ಕಳ್ಸಿ ಕರ್ದಿದ್ರಲ್ಲ?”

“ಕಾಗದ ಕರೆದ್ರೆ ಕರ್ದಂಗಾ? ಮನುಷ್ಯ ಕರೀಬೇಕು.”

ಮೂರನೆಯ ಸಭೆಯ ದಿನ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ತಾವೂ ಹೊರಟರು. ಬಸ್ಸಿನ ಆಸೆಗೆ, ಆಗಿನ್ನೂ ಚಿಕ್ಕವಳಾಗಿದ್ದ ನಾನೂ ಅವರ ಸೆರಗು ಹಿಡಿದೆ. ಇದ್ದಿಲಿನಿಂದ ಓಡುವ ಆ ಬಸ್ಸು ಮುಳಬಾಗಿಲಿನಲ್ಲಿ ಕೆಟ್ಟು ನಿಂತಿತು. ಅಲ್ಲಿ ಕಡಲೆಪುರಿ ಸಿಕ್ಕಿದ ಮೇಲೆ ಸಭೆಯ ಚಿಂತೆ ನನಗೆಲ್ಲಿಂದ ಬರಬೇಕು.

ಕೋಲಾರ ಮುಟ್ಟುವಾಗ ಸಭೆ ಶುರುವಾಗಿತ್ತು. ಹಾಜರಿ ಪುಸ್ತಕ ಒಬ್ಬರಿಂದೊಬ್ಬರಿಗೆ ಹೋಗುತ್ತಿತ್ತು. ದೊಡ್ಡಪ್ಪ ಅಭ್ಯಾಸದಂತೆ ಜಗಲಿಯ ಮೇಲೆ ಕೂತು ಕೆಮ್ಮಿದರು. ದೊಡ್ಡಮ್ಮ ಜವಾನನನ್ನು ಸರಿಸಿ ಸೀದಾ ಒಳಗೆ ನಡೆದು, ಆ ಗಂಡಸರ ನಡುವೆ ನಿಂತು, ಬಾಗಿಲ ಕಡೆ ತಿರುಗಿ ತಮ್ಮ ಮನೆಯಲ್ಲೇ ಇದ್ದವರ ಹಾಗೆ ಕರೆದರು: “ಏನೂಂದ್ರೆ, ಬನ್ನಿ ಒಳಕ್ಕೆ. ಎಲ್ರೂ ನಿಮಗೇ ಕಾಯ್ತಾವ್ರೆ.”

ದೊಡ್ಡಪ್ಪ ಎದ್ದು, ಪೇಟ ಸರಿಮಾಡಿಕೊಂಡು, ಒಳಗೆ ಬಂದು ರುಜು ಹಾಕಿದರು. ಅಧ್ಯಕ್ಷರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮುಂದಿನ ಸಭೆಯಿಂದ ಜವಾನನೇ ಬಾಗಿಲಿಗೆ ಬಂದು ‘ಬನ್ನಿ ಸ್ವಾಮಿ’ ಎನ್ನುತ್ತಿದ್ದನಂತೆ. ಬಾವಿಯೂ ಬಂತು. ಮೊದಲ ಕೊಡ ಸೇದಿದವರು ದೊಡ್ಡಮ್ಮ. ಆ ದಿನದ ಸಂತೋಷ ಇವತ್ತಿಗೂ ನನ್ನಲ್ಲಿ ಹಾಗೇ ಇದೆ.

ಇಷ್ಟು ಬರೆಯುವ ಹೊತ್ತಿಗೆ ಊದಿದ್ದ ಮುಖ ಇಳಿದಿದೆ. ಇಷ್ಟು ವರ್ಷ ದೊಡ್ಡಪ್ಪನ ಬಿಗುಮಾನವನ್ನು ಜೋಪಾನ ಮಾಡಿಕೊಂಡು ದೊಡ್ಡಮ್ಮನ ದಿಟ್ಟತನವನ್ನು ಮರೆತಿದ್ದೆ. ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದಿಟ್ಟಿದ್ದೇನೆ. ಮದುವೆಗೆ ಎಲ್ಲರಿಗಿಂತ ಮೊದಲೇ ಹೋಗಿ ಛತ್ರದ ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ ನಾನೇ ಕರೆಯುತ್ತೇನೆ: ಬನ್ನಿ ಒಳಕ್ಕೆ, ನಿಮಗೇ ಕಾಯ್ತಿದ್ದೆ.