ತಂಗಿ ದಾಟಿದ ಬಲೆ

ಚೊಚ್ಚಲ ಹೆರಿಗೆಗೆ ತಂಗಿ ಅವರ್ಸಾದ ನಮ್ಮ ಮನೆಗೆ ಬಂದದ್ದು ಮಳೆಗಾಲ ಹಿಡಿದ ಮೇಲೆ. ಮೀನುಗಾರಿಕೆಗೆ ರಜೆ, ದೋಣಿಗಳೆಲ್ಲ ದಡದ ಮೇಲಿದ್ದವು. ಆ ದಿನಗಳಲ್ಲಿ ನಾನು ಊರಿನವರ ದೋಣಿಯ ಹಲಗೆ, ಹುಟ್ಟು, ಇಂಜಿನ್ ಪೆಟ್ಟಿಗೆ ತಂದು ಹಳೆ ಬಣ್ಣ ಕೆರೆದು ಹೊಸದು ಬಳಿದು ಕೊಡುತ್ತಿದ್ದೆ. ಹೊರಗೆ ಮಳೆ, ಹಾಗಾಗಿ ಕೆಲಸವೆಲ್ಲ ಪಡಸಾಲೆಯಲ್ಲೇ. ಅದಕ್ಕೆ ತಾಗಿದ ಕೋಣೆಯಲ್ಲಿ ತಂಗಿ ಮಲಗುತ್ತಿದ್ದಳು. ನಡುವೆ ಬಾಗಿಲಿರಲಿಲ್ಲ, ಹಳೆ ಸೀರೆಯ ಪರದೆ ಕಟ್ಟಿದ್ದೆವು.

ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ನನಗೆ ರೂಢಿ. ಅವಳಿಗೆ ತಲೆ ತಿರುಗುತ್ತಿತ್ತು. ಅನ್ನದಲ್ಲೂ ಅದೇ ನಾತ ಅಂದಳು. ಗಂಡನ ಮನೆ ಸೇರಿದ ಮೇಲೆ ಮೂಗು ಬಲು ದೊಡ್ಡದಾಯ್ತು ಎಂದು ಕೆಣಕಿದೆ. ಅವಳು ನಕ್ಕಳು. ನಾನು ಕುಂಚ ಕೆಳಗಿಡಲಿಲ್ಲ.

ಪಡಸಾಲೆಗೆ ಒಂದೇ ಕಿಟಕಿ. ಅದರ ಕೆಳಗೆ ಬಲೆ ರಾಶಿ ಹಾಕಿದ್ದೆವು. ಬಸುರಿ ಬಲೆ ದಾಟಬಾರದು ಎಂಬುದು ನಮ್ಮ ಮನೆಯಲ್ಲಿ ಗಟ್ಟಿ ನೇಮ. ಒಂದು ಮಧ್ಯಾಹ್ನ ತಂಗಿ ಉಸಿರು ಕಟ್ಟಿದವಳ ಹಾಗೆ ಎದ್ದು ಬಂದು, ಬಲೆ ದಾಟಿ ಕಿಟಕಿ ತೆರೆದಳು. ನಮ್ಮ ತಾಯಿ, ಆಯಿ ಅಂತಲೇ ನಾವು ಕರೆಯುವುದು, ಅಡುಗೆಮನೆಯಿಂದ ನೋಡಿದಳು. ಹೊಟ್ಟೆಯಲ್ಲಿರುವುದರ ಮೇಲೆ ಆಸೆ ಇಲ್ಲವಾ ಎಂದು ಬೈದಳು. ತಂಗಿ ಅಳುತ್ತ ಹೋಗಿ ಮಲಗಿದಳು. ಇರಚಲು ಹೊಡೆದು ಹಸಿ ಬಣ್ಣದ ಮೇಲೆ ಹನಿ ಬೀಳುತ್ತಿತ್ತು. ಅವಳಿಗೆ ನಿದ್ದೆ ಹತ್ತಿದ ಮೇಲೆ ನಾನೇ ಎದ್ದು ಕಿಟಕಿ ಮುಚ್ಚಿದೆ. ಆ ಬೈಗುಳದ ಹೆದರಿಕೆಗೆ ಅವಳು ಮತ್ತೆ ಆ ಕಡೆ ಹೋಗಲಿಲ್ಲ.

ಹುಟ್ಟಿದ್ದು ಹೆಣ್ಣು. ಮೊದಮೊದಲು ಮೈಬಣ್ಣವೇ ಬಿಳುಪು ಅಂದುಕೊಂಡೆವು. ನಡೆಯಲು ಕಲಿಯುವಾಗ ಎಲ್ಲಿ ತಾಗಿದರೂ ಮೈಮೇಲೆ ನೀಲಿ ಕಲೆ ಏಳುತ್ತಿತ್ತು. ವಸಡಿನಲ್ಲಿ ರಕ್ತ ಬಂದ ದಿನ ಕಾರವಾರದ ಆಸ್ಪತ್ರೆಗೆ ಒಯ್ದೆವು. ಎಲುಬಿನೊಳಗಿನ ಮಜ್ಜೆಯಲ್ಲಿ ರಕ್ತದ ಕಣ ಹುಟ್ಟಬೇಕು, ಈ ಮಗುವಿಗೆ ಸಾಕಷ್ಟು ಹುಟ್ಟುತ್ತಿಲ್ಲ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಬಸುರಿಯಾಗಿದ್ದಾಗ ಹೊಲದ ಔಷಧಿ, ಪೇಂಟು, ಥಿನ್ನರ್ ಇಂಥದ್ದರ ಹತ್ತಿರ ಇದ್ದಿರಾ ಎಂದು ಕೇಳಿದರು. ತಂಗಿ ನೆನಪು ಮಾಡಿಕೊಳ್ಳುತ್ತ ನನ್ನ ಮುಖ ನೋಡಿದಳು.

"ನಮ್ಮನೇಲಿ ಅಂಥದ್ದೇನೂ ಇಲ್ಲ ಮೇಡಂ," ಅಂದೆ.

ನಾನು ಓದಿದ್ದು ಐದನೇ ಇಯತ್ತೆ. ಗೊತ್ತಿಲ್ಲದೆ ಹೇಳಿದೆ ಅನ್ನಲು ಅದು ಸಾಕಾಗುವುದಿಲ್ಲ. ಥಿನ್ನರ್ ಡಬ್ಬಿ ಯಾವುದು ಎಂದು ನನಗೆ ಗೊತ್ತಿತ್ತು.

ಮನೆಗೆ ಬಂದರೆ ಆಯಿಯದು, ಬಲೆ ದಾಟಿದ್ದಕ್ಕೇ ಹೀಗಾಯಿತು ಎಂಬ ಮಾತು. ಮಗುವಿಗೆ ರಕ್ತ ಏರಿಸಿಕೊಂಡು ಬಂದಾಗಲೆಲ್ಲ ಅದೇ ಮಾತು. ಬರಬರುತ್ತ ತಂಗಿಯೂ ನಂಬಿದಳು. ಮಂಜಗುಣಿಯ ದೇವಸ್ಥಾನದಲ್ಲಿ ಮಗುವನ್ನು ಮಲಗಿಸಿ, ತಪ್ಪು ನನ್ನದು, ಇವಳನ್ನು ಬಿಡು ಎಂದು ಬೇಡಿಕೊಂಡಳು. ನಾನು ಹಿಂದೆ ಹಣ್ಣುಕಾಯಿ ಹಿಡಿದು ನಿಂತಿದ್ದೆ.

ಕಳೆದ ಬೇಸಿಗೆ ಆಸ್ಪತ್ರೆಯ ಬೆಂಚಿನ ಮೇಲೆ ತಂಗಿಗೆ ಹೇಳಿದೆ. ಒಳಗೆ ಮಗುವಿಗೆ ರಕ್ತ ಹೋಗುತ್ತಿತ್ತು, ಅವಳ ಗಂಡ ಅಲ್ಲಿದ್ದ. ಥಿನ್ನರ್ ವಿಷಯ, ಕಿಟಕಿಯ ವಿಷಯ, ಡಾಕ್ಟರಮ್ಮನಿಗೆ ಹೇಳಿದ ಸುಳ್ಳು, ಎಲ್ಲ. ತಂಗಿ ಸೆರಗಿನ ಅಂಚು ಮಡಚಿದಳು.

"ಕಿಟಕಿ ಮುಚ್ಚಿದ್ದು ನೀನಾ ಅಣ್ಣ? ಆಯಿ ಮುಚ್ಚಿದ್ದು ಅಂದ್ಕಂಡಿದ್ದೆ ನಾನು."

ಹೌದು ಅಂದೆ.

"ಹೋಗಿ ಡಾಕ್ಟ್ರಿಗೆ ಹೇಳು. ಆಮೇಲೆ ಆಯಿಗೆ ಹೇಳು. ನಾನು ಹೇಳೂದಿಲ್ಲ."

ಡಾಕ್ಟರಮ್ಮ ಬೈಯಲಿಲ್ಲ. ಥಿನ್ನರಿಂದಲೇ ಹೀಗಾಯಿತು ಎಂದು ಯಾರೂ ಖಂಡಿತ ಹೇಳಲಾರರು, ಅಲ್ಲ ಎಂದೂ ಹೇಳಲಾಗದು, ಮೊದಲೇ ಹೇಳಬೇಕಿತ್ತು ಅಂದರು. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಆಯಿ ಮೀನು ಕೊಯ್ಯುತ್ತ ನಾನು ಹೇಳಿದ್ದನ್ನು ಕೇಳಿದಳು. ಪೂರ್ತಿ ಕೇಳಿ ಕೈ ತೊಳೆದುಕೊಂಡಳು. ಮರುದಿನ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿ ಕಿನ್ನರಕ್ಕೆ, ತಂಗಿಯ ಮನೆಗೆ ಹೋದಳು. ಅಲ್ಲಿ ಏನು ಮಾತಾಯಿತೋ ತಿಳಿಯದು. ಈ ಸಲ ಚೌತಿಗೆ ತಂಗಿ ತವರಿಗೆ ಬರಲಿಲ್ಲ. ಆಯಿ ಪಂಚಕಜ್ಜಾಯ ಕಟ್ಟಿಕೊಂಡು ತಾನೇ ಅಲ್ಲಿಗೆ ಹೋದಳು. ನಾನು ಬಸ್ ನಿಲ್ದಾಣದವರೆಗೆ ಚೀಲ ಹೊತ್ತುಕೊಂಡು ಹೋಗಿ ವಾಪಸ್ ಬಂದೆ.