ಕಿಟಕಿಯ ಕೆಳಗಿನ ಒಲೆ

ಶೆಟ್ಟಿಹಳ್ಳಿಯ ಪಿಳ್ಳಮ್ಮ ಒಗ್ಗರಣೆ ಹಾಕಿದಳೆಂದರೆ ಬೀದಿಗೆ ಬೀದಿಯೇ ಸೀನುತ್ತಿತ್ತು. ಕೊರೋನಾ ಬಂದ ಮೇಲಂತೂ ಆ ಸೀನಿಗೆ ಹೆದರಿ ನೆರೆಯವರು ಕಿಟಕಿ ಮುಚ್ಚಿಕೊಂಡರು. ಕೊತ್ತಂಬರಿ ಕಟ್ಟನ್ನು ಸೋಪಿನಲ್ಲಿ ತೊಳೆದು ಬಟ್ಟೆಯ ಹಾಗೆ ತಂತಿಗೆ ನೇತುಹಾಕುವ, ಹಾಲಿನ ಪ್ಯಾಕೆಟ್ಟಿಗೂ ಅರಿಸಿನದ ನೀರಲ್ಲಿ ಅಭ್ಯಂಜನ ಮಾಡಿಸುವ ಗಟ್ಟಿಗಿತ್ತಿ ಅವಳು. ಆದರೂ ರೋಗ ನುಸುಳಿಬಂದು ಸೊಸೆ ಹೇಮಾಳನ್ನು ಮಹಡಿ ಕೋಣೆಗೆ ಹತ್ತಿಸಿಬಿಟ್ಟಿತು. ಜ್ವರ ಇಳಿಯಿತು, ಮೂಗು ಮಾತ್ರ ಸತ್ತೇಹೋಯಿತು. ವಾಸನೆಯಿಲ್ಲದ ಅನ್ನ ಗಂಟಲಲ್ಲಿ ಇಳಿಯದೆ ಹುಡುಗಿ ಸೊರಗಿ ಕಡ್ಡಿಯಾದಳು. ಪಿಳ್ಳಮ್ಮ ಬಿಡುವವಳೇ? ಅಂಗಳದಲ್ಲಿ, ಸರಿಯಾಗಿ ಸೊಸೆಯ ಕಿಟಕಿಯ ಕೆಳಗೇ ಒಲೆ ಹೂಡಿದಳು. ದಿನಕ್ಕೊಂದು ಘಾಟು: ಇವತ್ತು ಇಂಗು, ನಾಳೆ ಒಣಮೆಣಸಿನಕಾಯಿ. "ಏನ್ ಬಂತೇ ಮೂಗ್ಗೆ?" "ಏನೂ ಇಲ್ಲ ಅತ್ತೆ." "ಎಲ್ಲಿಗೋಯ್ತೇ ನಿನ್ ಮೂಗು? ಊರಿಗೋಗಕ್ಕೆ ಬಸ್ಸೂ ಇಲ್ವಲ್ಲ." ಒಂದು ಬೆಳಿಗ್ಗೆ ಕತ್ತೆತ್ತಿ ಆ ಕಿಟಕಿಯನ್ನೇ ನೋಡುತ್ತ ನಿಂತವಳಿಗೆ ಬಾಣಲೆ ಮರೆತೇಹೋಯಿತು. ಮೇಲಿಂದ ಅಳುಕುವ ದನಿಯೊಂದು ಇಳಿದುಬಂತು: "ಅತ್ತೆ, ಬೇಜಾರ್ ಮಾಡ್ಕೋಬೇಡಿ... ಬೆಳ್ಳುಳ್ಳಿ ಸೀದೋಯ್ತು." ಜನ್ಮದಲ್ಲಿ ತನ್ನ ಅಡುಗೆಯಲ್ಲಿ ಯಾರೂ ಹುಳುಕು ತೆಗೆಯಲು ಬಿಡದ ಪಿಳ್ಳಮ್ಮ ಸೌಟು ಹಿಡಿದುಕೊಂಡೇ ಬೀದಿಗೆ ಓಡಿ, ಮುಚ್ಚಿದ ಕಿಟಕಿಗಳಿಗೆಲ್ಲ ಕೇಳುವ ಹಾಗೆ ಕೂಗಿದಳು: "ಕೇಳುಸ್ಕೊಳ್ರಪ್ಪೋ, ನಾನು ಒಗ್ಗರಣೆ ಸೀಸ್ಬುಟ್ಟೆ ಅಂತಾವ್ಳೆ ನನ್ ಸೊಸೆ!"