ಕೈಗಳಿಗೆ ಪಾಠ ಕಲಿಸಿದ ಮಿಲ್ಲಿ ಹ್ರುಸ್ಕಾ

ನಮ್ಮ ಟೆಕ್ಸಸ್‌ನ ಹ್ರಾನಿಸ್ ಊರಿನಲ್ಲಿ ಪಿಸ್ತೂಲು ಹಿಡಿಯಲು ಬಾರದ ಹೆಂಗಸರು ಕಡಿಮೆ. ಆದರೆ ಮಿಲ್ಲಿ ಹ್ರುಸ್ಕಾಳ ಹಾಗೆ ಗುರಿಯಿಟ್ಟು ಹೊಡೆಯುವವರು ಗಂಡಸರಲ್ಲೂ ಇರಲಿಲ್ಲ. ಚರ್ಚಿನ ಪಿಕ್‌ನಿಕ್ಕಿನ ಗುರಿಪಂದ್ಯದಲ್ಲಿ ಒಂಬತ್ತು ವರ್ಷ ಬಿಡದೆ ಬಹುಮಾನದ ಹಂದಿತೊಡೆ ಗೆದ್ದು ಮನೆಗೆ ಹೊತ್ತವಳು ಅವಳು. ದನದ ಮೇವು, ಉಪ್ಪಿನ ಗಟ್ಟಿ, ಮುಳ್ಳುತಂತಿ ಮಾರುವ ಅಂಗಡಿ ಅವಳದು. ಮೂಟೆ ಎತ್ತಿ ಹಾಕಲು ತಮ್ಮ ಆಲ್ವಿನ್ ಇದ್ದ. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಐವತ್ತೊಂಬತ್ತರ ಮಿಲ್ಲಿಗೆ ತನ್ನ ಕೈಯ ಬಗ್ಗೆ ಒಂದಿಷ್ಟು ಜಂಬವಿತ್ತು. ಇರಬಾರದೆಂದು ಯಾರೂ ಹೇಳುವಂತಿರಲಿಲ್ಲ.

ಆ ಜಂಬ ಮಣ್ಣುಪಾಲಾದದ್ದು ಒಂದು ಮಂಗಳವಾರ ಬೆಳಿಗ್ಗೆ. ಯಾರೋ ಒಬ್ಬ ಅಂಗಡಿಗೆ ನುಗ್ಗಿ ಟ್ರಕ್ಕಿನ ಕೀಲಿ ಕೇಳಿದ. ಆಲ್ವಿನ್ ಕೊಡುವುದಿಲ್ಲ ಎಂದ. ಬಂದವನು ಅಲ್ಲೇ ಒರಗಿಸಿಟ್ಟಿದ್ದ ಸಲಿಕೆ ಎತ್ತಿ ಅವನ ತಲೆಗೆ ಬೀಸಿದ. ಅಷ್ಟು ಹೊತ್ತಿಗೆ ಪಿಸ್ತೂಲು ಮಿಲ್ಲಿಯ ಕೈಯಲ್ಲೇ ಇತ್ತು. ಟ್ರಿಗರ್ ಒತ್ತಿದಳು. ಮತ್ತೆ ಒತ್ತಿದಳು. ಏನೂ ಆಗಲಿಲ್ಲ. ಪಿಸ್ತೂಲಿನ ಪಕ್ಕದಲ್ಲಿದ್ದ ಸೇಫ್ಟಿ ಲಾಕ್ ತೆಗೆಯಬೇಕೆಂಬುದೇ ತಲೆಗೆ ಹೊಳೆಯಲಿಲ್ಲ, ಗಂಟಲಿನಿಂದ ದನಿಯೂ ಹೊರಡಲಿಲ್ಲ. ಅವನು ಅವಳ ಮುಖ ನೋಡಿ ನಕ್ಕು, ಟ್ರಕ್ಕು ಹತ್ತಿ ಹೋದ.

ಆಲ್ವಿನ್‌ಗೆ ಹನ್ನೊಂದು ಹೊಲಿಗೆ ಬಿದ್ದವು, ಎಡಗಿವಿ ಪೂರ್ತಿ ಕಿವುಡಾಯಿತು. ಪಾಪ, ಅವನು ಅಕ್ಕನನ್ನು ದೂರಲಿಲ್ಲ. ಊರು ಸುಮ್ಮನಿರಬೇಕಲ್ಲ? ಬೇಕರಿಯಲ್ಲಿ ಕೊಲಾಚೆ ಎಂಬ ಸಿಹಿ ಬನ್ನು ಕಟ್ಟಿಕೊಡುತ್ತಾ ಕೌಂಟರಿನ ಮುದುಕ ಹೇಳಿಯೇಬಿಟ್ಟ: "ಮಿಲ್ಲಿ, ನಿಂಗೆ ಕಾಗದದ ಮನುಷ್ಯರನ್ನ ಮಾತ್ರ ಹೊಡಿಯೋಕೆ ಬರೋದು ಅಂತ ಕಾಣುತ್ತೆ!" ಮಿಲ್ಲಿ ಪೊಟ್ಟಣವನ್ನು ಅಲ್ಲೇ ಬಿಟ್ಟು ಹೊರಬಂದು, ಕಾರಿನೊಳಗೆ ಕೂತು ಅತ್ತಳು. ಆ ಮುದುಕನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮರುದಿನವೇ ಅವಳು ರಾಯ್ಸ್ ಟಾರ್ವರ್ ಮನೆಗೆ ಹೋದಳು. ಇಪ್ಪತ್ತಾರು ವರ್ಷ ಶೆರಿಫರ ಪೊಲೀಸ್ ಕಚೇರಿಯಲ್ಲಿ ದುಡಿದು ನಿವೃತ್ತನಾದ ಕರಿಯ ಮನುಷ್ಯ, ಆರಡಿ ಎತ್ತರ, ಮಾತು ಮಾತ್ರ ಬೆಣ್ಣೆಯಷ್ಟು ಮೆತ್ತಗೆ. ತನ್ನ ಹುಲ್ಲುಗಾವಲಿನ ಕೊನೆಯಲ್ಲಿ ಮಣ್ಣಿನ ದಿಬ್ಬ ಹಾಕಿಸಿ, ಅದರ ಮುಂದೆ ಪಿಸ್ತೂಲಿನ ಪಾಠ ಹೇಳುತ್ತಿದ್ದ.

"ಗುರಿ ನಂಗೆ ಬರುತ್ತೆ ಮಿಸ್ಟರ್ ಟಾರ್ವರ್. ಹೆದರಿಕೆ ಆದಾಗ ಕೈ ಓಡಲ್ಲ," ಎಂದಳು.

"ಹೆದರಿಕೆ ಎಲ್ಲರಿಗೂ ಆಗುತ್ತೆ ಮಿಸ್ ಮಿಲ್ಲಿ, ನಂಗೂ ಆಗ್ತಿತ್ತು. ಆ ಹೊತ್ನಲ್ಲಿ ತಲೆ ರಜಾ ಹಾಕುತ್ತೆ. ಕೈಗೆ ಏನು ರೂಢಿ ಮಾಡ್ಸಿದೀರೋ ಅಷ್ಟೇ ಉಳಿಯೋದು."

ಪಾಠ ಶುರುವಾದದ್ದು ಗುಂಡಿಲ್ಲದೆ, ಮಿಲ್ಲಿಯ ಮನೆಯಲ್ಲೇ. ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಪಿಸ್ತೂಲು ಖಾಲಿಯೆಂದು ಎರಡು ಸಲ ನೋಡಿಕೊಂಡು, ಬಟ್ಟೆ ಒಗೆಯುವ ಯಂತ್ರದ ಮುಂದೆ ನಿಲ್ಲುವುದು. ಅಂಗಿ ಮೇಲೆತ್ತು, ಸೊಂಟದ ಒರೆಯಿಂದ ಹೊರತೆಗೆ, ಎರಡೂ ಕೈ ಸೇರಿಸು, ಹೆಬ್ಬೆರಳಿನಿಂದ ಲಾಕ್ ತಳ್ಳು, ತೋರುಬೆರಳು ಮಾತ್ರ ಟ್ರಿಗರ್ ಮುಟ್ಟದೆ ನೇರವಾಗಿರಲಿ. ಬೆಳಗಿನ ಕಾಫಿಗೆ ಮುಂಚೆ ಇಪ್ಪತ್ತೈದು ಸಲ, ಅದೂ ಆಮೆಯ ಹಾಗೆ ನಿಧಾನ. ಆರು ವಾರ ಬೇರೇನೂ ಇಲ್ಲ. ಒಂಬತ್ತು ಹಂದಿತೊಡೆ ಗೆದ್ದವಳಿಗೆ ಇದು ಸಣ್ಣ ಶಿಕ್ಷೆಯಲ್ಲ.

ಜೊತೆಗೆ ಕೂಗುವುದನ್ನೂ ಕಲಿಯಬೇಕಿತ್ತು. ಮೊದಲ ದಿನ ಅವಳ ಬಾಯಿಂದ ಹೊರಟದ್ದು "ದಯವಿಟ್ಟು ಹಿಂದೆ ಸರೀರಿ ಸರ್" ಎಂದು.

ರಾಯ್ಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅವನೇನು ನಿಮ್ಮನೆಗೆ ಊಟಕ್ಕೆ ಬಂದಿದಾನಾ?"

ಅಂದಿನಿಂದ ಬಟ್ಟೆ ಒಗೆಯುವ ಕೋಣೆಯಲ್ಲಿ "ಹಾಕು ಕೆಳಗೆ! ಹಿಂದೆ ಸರಿ!" ಎಂಬ ಆರ್ಭಟ. ಆಲ್ವಿನ್ ಒಂದೇ ಕಿವಿಯಲ್ಲಿ ಅದನ್ನು ಕೇಳಿ, ತನ್ನನ್ನೇ ಬೈಯುತ್ತಿದ್ದಾಳೆಂದು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಹಿತ್ತಲಿಗೆ ಹೋದ.

ಏಳನೆಯ ವಾರ ನಿಜವಾದ ಗುಂಡು. ಆದರೆ ನಿಂತು ಹೊಡೆಯುವಂತಿಲ್ಲ. ಬೇಲಿಯವರೆಗೆ ಓಡಿ ಬರಬೇಕು, ಏದುಸಿರು ಬರುತ್ತಿರಬೇಕು, ಪಕ್ಕದಲ್ಲಿ ರಾಯ್ಸ್ ಟ್ರಕ್ಕಿನ ಹಾರನ್ ಒತ್ತುತ್ತಲೇ ಇರಬೇಕು. ಮಿಲ್ಲಿ ಓಡಿ ಬಂದಳು, ತೆಗೆದಳು, ಎರಡು ಗುಂಡು ಹಾರಿಸಿದಳು. ಎರಡೂ ಸರಿಯಾಗಿ ಕಾಗದದ ಮನುಷ್ಯನ ಎದೆಗೇ ತಾಗಿದವು. ತಾಗಿದ್ದೇ ತಡ, ಎದುರಿಗೆ ಇನ್ನೂ ಎರಡು ಗುರಿ ನಿಂತಿರುವಾಗಲೇ, ಅವಳು ಬಗ್ಗಿ ನೆಲ ತಡಕತೊಡಗಿದಳು.

ಹಾರನ್ ನಿಂತಿತು. "ಮಿಸ್ ಮಿಲ್ಲಿ, ಏನು ಹುಡುಕ್ತಿದೀರಾ?"

ಅವಳ ಮುಷ್ಟಿಯಲ್ಲಿ ಎರಡು ಹಿತ್ತಾಳೆ ಚಿಪ್ಪುಗಳಿದ್ದವು, ಗುಂಡು ಹಾರಿದಾಗ ಹೊರಗೆ ಸಿಡಿಯುವಂಥವು. ಅವನ್ನು ಮತ್ತೆ ತುಂಬಿ ಬಳಸಬಹುದು, ಒಂದೂ ಹಾಳಾಗಬಾರದೆಂದು ಅವಳಪ್ಪ ಏಳನೆಯ ವಯಸ್ಸಿನಿಂದ ಹೇಳಿಕೊಟ್ಟಿದ್ದ. ಯಾವಾಗ ಬಗ್ಗಿದೆನೆಂದು ಅವಳಿಗೇ ಗೊತ್ತಿರಲಿಲ್ಲ. ನಾಚಿಕೆಯಿಂದ ಕಿವಿ ಕೆಂಪಾಯಿತು. "ನನ್ನ ಕೈಲಾಗಲ್ಲ ಬಿಡಿ," ಎಂದಳು.

ರಾಯ್ಸ್ ನಗಲಿಲ್ಲ. "ಕೈಲಾಗಲ್ಲ ಅಂತೀರಲ್ಲ? ಐವತ್ತು ವರ್ಷದ ಹಿಂದೆ ಕಲಿಸಿದ್ದನ್ನ ನಿಮ್ಮ ಕೈ ನಿಮ್ಮನ್ನ ಕೇಳ್ದೇನೇ ಮಾಡ್ತು. ಇಷ್ಟು ಒಳ್ಳೆ ವಿದ್ಯಾರ್ಥಿ ನಂಗೆ ಸಿಕ್ಕೇ ಇಲ್ಲ. ಪಾಠ ಒಂದು ಬದಲಾಯಿಸ್ಬೇಕು, ಅಷ್ಟೇ."

ಬದಲಾಯಿಸಲು ವರ್ಷ ಹಿಡಿಯಿತು. ಚಿಪ್ಪು ಮುಟ್ಟಿದರೆ ಬೇಲಿಗೆ ಇನ್ನೊಂದು ಓಟ. ಹೊಡೆದ ಮೇಲೆ ಬಗ್ಗುವುದಲ್ಲ, ನೋಡುವುದು: ಎಡಕ್ಕೆ, ಬಲಕ್ಕೆ, ಮತ್ತೆ ಎದುರಿಗೆ. ರಾಯ್ಸ್ ಚಿತ್ರಗಳನ್ನು ತೂಗುಹಾಕುತ್ತಿದ್ದ. ಒಬ್ಬನ ಕೈಯಲ್ಲಿ ಚಾಕು, ಇನ್ನೊಬ್ಬನ ಕೈಯಲ್ಲಿ ಬರೀ ಫೋನು. ಫೋನಿನವನಿಗೆ ಹೊಡೆದರೆ ಅವತ್ತಿನ ಪಾಠ ಅಲ್ಲಿಗೇ ಮುಗಿಯಿತು. "ಕೈ ತನ್ನ ಕೆಲಸ ತಾನೇ ಮಾಡ್ಕೊಂಡ್ರೆ ತಲೆಗೆ ನೋಡೋಕೆ ಪುರುಸೊತ್ತು ಸಿಗುತ್ತೆ. ಹೊಡಿಯೋದಾ ಬೇಡ್ವಾ ಅಂತ ತಲೇನೇ ಹೇಳ್ಬೇಕು ಮಿಸ್ ಮಿಲ್ಲಿ, ಅದನ್ನ ಕೈಗೆ ಬಿಡಬಾರದು," ಎನ್ನುತ್ತಿದ್ದ.

ಎರಡನೆಯ ವರ್ಷದ ಏಪ್ರಿಲ್‌ನ ಒಂದು ಶುಕ್ರವಾರ, ಹಗಲು ಹನ್ನೊಂದು ಗಂಟೆ. ಆಲ್ವಿನ್ ತಕ್ಕಡಿಯ ಹತ್ತಿರ ಜೋಳ ತೂಗುತ್ತಿದ್ದ. ಪೊಲೀಸರಿಂದ ತಪ್ಪಿಸಿಕೊಂಡು ಬಂದವನೊಬ್ಬ, ಮೊಳದುದ್ದದ ಮಚ್ಚು ಹಿಡಿದು, "ಟ್ರಕ್ ಕೀಲಿ ಕೊಡ್ರೋ!" ಎಂದು ನೇರವಾಗಿ ಆಲ್ವಿನ್ ಮೇಲೆ ನುಗ್ಗಿದ. ಅವನು ಬಂದದ್ದು ಎಡಗಡೆಯಿಂದ. ಆಲ್ವಿನ್‌ಗೆ ಕೇಳಿಸಲೇ ಇಲ್ಲ.

ಮಿಲ್ಲಿಗೆ ನೆನಪಿರುವುದು ಒಂದೇ ಸದ್ದು, ಮಚ್ಚು ಸಿಮೆಂಟಿನ ನೆಲಕ್ಕೆ ಬಿದ್ದ ಸದ್ದು. ಅದರ ಬೆನ್ನಿಗೆ ತಲೆಯೊಳಗೆ ಸ್ಪಷ್ಟವಾಗಿ ತನ್ನದೇ ದನಿ: ಬಿಟ್ಟ, ಹೊಡಿಬೇಡ. ಆಮೇಲೆ ಕಂಡದ್ದು, ಉಪ್ಪಿನ ಗಟ್ಟಿಗಳ ಪಕ್ಕ ಬೋರಲಾಗಿ ಕೈ ಚಾಚಿ ಮಲಗಿದ್ದ ಮನುಷ್ಯ. ಪೊಲೀಸರು ಬರುವವರೆಗಿನ ಎಂಟು ನಿಮಿಷವೂ ಅವನು ಮಿಸುಕಲಿಲ್ಲ, ಅವಳೂ ಮಿಸುಕಲಿಲ್ಲ.

ಸುದ್ದಿ ಕೇಳಿ ರಾಯ್ಸ್ ಬರುವ ಹೊತ್ತಿಗೆ ಮಿಲ್ಲಿ ಮೇವಿನ ಮೂಟೆಯ ಮೇಲೆ ಕೂತಿದ್ದಳು. "ನಂಗೇನೂ ಗೊತ್ತಿಲ್ಲ ಮಿಸ್ಟರ್ ಟಾರ್ವರ್. ಮತ್ತೆ ಕಲ್ಲಾಗಿ ನಿಂತಿದ್ನೇನೋ. ಅವನೇ ಯಾಕೋ ಮಚ್ಚು ಬಿಟ್ಟ."

ರಾಯ್ಸ್ ಅವಳ ಕೈಹಿಡಿದು ಒಳಗೆ ಕರೆದೊಯ್ದ. ಅಂಗಡಿಯ ಕ್ಯಾಮೆರಾದಲ್ಲಿ ಮೂಡಿದ್ದನ್ನು ಪೊಲೀಸಿನವನು ಕಂಪ್ಯೂಟರಿನಲ್ಲಿ ಹಾಕಿದ. ತೆರೆಯ ಮೇಲೆ ನರೆಗೂದಲಿನ ಹೆಂಗಸೊಬ್ಬಳು, ಮೈತುಂಬ ಮೇವಿನ ಧೂಳು. ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಅಂಗಿ ಎತ್ತಿದ್ದು, ಪಿಸ್ತೂಲು ಬಂದದ್ದು, ಹೆಬ್ಬೆರಳು ಲಾಕ್ ತಳ್ಳಿದ್ದು ಎಲ್ಲ ಒಂದೇ ಚಲನೆ. "ಹಾಕು ಕೆಳಗೆ!" ಎಂಬ ಕೂಗಿಗೆ ಕಂಪ್ಯೂಟರಿನ ಸ್ಪೀಕರೇ ಒಡೆದ ಹಾಗಾಯಿತು. ಮಚ್ಚು ಎತ್ತಿದ್ದವನು ತಿರುಗಿ ಅವಳ ಮುಖ ನೋಡಿ ಬೆಚ್ಚಿಬಿದ್ದ. ಅವಳ ಬೆರಳು ಟ್ರಿಗರ್ ಮೇಲೆ ಇಳಿಯಿತು. ಮಚ್ಚು ಬಿತ್ತು. ಬೆರಳು ಅಷ್ಟೇ ಬೇಗ ಮತ್ತೆ ನೇರವಾಯಿತು. ಆಮೇಲೆ ಆ ಹೆಂಗಸು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಪಿಸ್ತೂಲು ತೆಗೆಯೋಕೆ ಒಂದೂ ಕಾಲು ಸೆಕೆಂಡು," ಎಂದ ರಾಯ್ಸ್. "ನಾನು ಕೆಲಸದಲ್ಲಿದ್ದಾಗ್ಲೂ ಇಷ್ಟು ಚೆನ್ನಾಗಿ ಮಾಡಿರ್ಲಿಲ್ಲ."

"ಇನ್ನೊಂದ್ಸಲ ಹಾಕಿ," ಎಂದಳು ಮಿಲ್ಲಿ.

ಮತ್ತೆ ಹಾಕಿದರು, ನಾಲ್ಕು ಸಲ. ಅವಳು ಮಚ್ಚಿನವನ ಕಡೆ ನೋಡುತ್ತಲೇ ಇರಲಿಲ್ಲ. ಆ ಹೆಂಗಸಿನ ಕೈಗಳನ್ನು ನೋಡುತ್ತಿದ್ದಳು. ಐದನೆಯ ಸಲ ಆಲ್ವಿನ್ ಭುಜಕ್ಕೆ ಒಂದು ಬಾರಿಸಿ ಕೂಗಿದಳು, ಬೀದಿಯ ಆಚೆಗೂ ಕೇಳುವ ಹಾಗೆ:

"ನೋಡೋ! ನಾನು ಕಣೋ ಅದು! ನಾನೇ!"